ವ್ಯಸನದ ಮೇಲಣ ಕರಭಾರವೂ ಸ್ವಾತಂತ್ರ್ಯದ ಸೋಗೂ



ತಂಬಾಕು, ಮದ್ಯ, ಸಕ್ಕರೆ ತುಂಬಿದ ಬಾಟಲಿಯ ಪಾನೀಯ ಮುಂತಾದ ಅನಾರೋಗ್ಯಕರ ವಸ್ತುಗಳ ಮೇಲೆ ಸರಕಾರವು ತೆರಿಗೆ ಏರಿಸಿದಾಗಲೆಲ್ಲ ವಿದ್ಯಾವಂತರ ನಡುವಿನಿಂದ ಒಂದು ಕೂಗು ಏಳುತ್ತದೆ. ಇದು ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯದ ಮೇಲೆ ನಡೆದ ದಾಳಿಯಂತೆ. ಪ್ರಾಯಪ್ರಬುದ್ಧನಾದ ಮನುಷ್ಯನು ತನ್ನ ದುಡಿಮೆಯ ಹಣದಿಂದ ತನಗೆ ರುಚಿಸಿದ್ದನ್ನು ಕೊಂಡು ಸೇವಿಸಿದರೆ ಕೆಡುವುದು ಅವನ ದೇಹವೇ ಹೊರತು ನೆರೆಯವನದಲ್ಲವಂತೆ. ಅಂಥವನಿಗೆ ಬುದ್ಧಿ ಹೇಳುವ ಅಧಿಕಾರ ವೈದ್ಯನಿಗಿರಬಹುದು, ಗುರುವಿಗಿರಬಹುದು, ತೆರಿಗೆಯ ಅಧಿಕಾರಿಗೆ ಇರಲಾಗದಂತೆ. ಮಾತು ಕೇಳುವುದಕ್ಕೆ ಸೊಗಸಾಗಿದೆ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಇಂದು ಉನ್ನತ ಹುದ್ದೆಗಳಲ್ಲಿಯೂ ಉದ್ಯಮಗಳಲ್ಲಿಯೂ ನೆಲೆನಿಂತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಸಹ ಇದನ್ನು ಆಡುತ್ತಿರುವುದರಿಂದ, ಇದರ ಸತ್ಯಾಸತ್ಯತೆಯನ್ನು ಮಠದ ಪತ್ರಿಕೆಯಲ್ಲಿಯೇ ವಿಚಾರಿಸುವುದು ಯೋಗ್ಯವೆಂದು ತೋರಿತು.

ನನ್ನ ನಿಲುವನ್ನು ಮೊದಲಿಗೇ ಹೇಳಿಬಿಡುತ್ತೇನೆ. ವ್ಯಸನವಸ್ತುಗಳ ಮೇಲೆ ಭಾರವಾದ ತೆರಿಗೆ ನ್ಯಾಯವೇ ಆಗಿದೆ; ಸ್ವಾತಂತ್ರ್ಯದ ಹೆಸರಿನಲ್ಲಿ ಅದನ್ನು ಎದುರಿಸುವ ವಾದ ಪೊಳ್ಳಾದುದು. ಆದರೆ ಆ ವಾದವನ್ನು ಅಲ್ಲಗಳೆದ ಮಾತ್ರಕ್ಕೆ ನಮ್ಮ ಸರಕಾರಗಳು ನಿರ್ದೋಷಿಗಳಾಗಿ ಹೊರಬರುವುದಿಲ್ಲ. ವಿಷದ ಮೇಲೆ ಹಾಕುವ ತೆರಿಗೆ ವರ್ಷದಿಂದ ವರ್ಷಕ್ಕೆ ಕಡಿಮೆ ಹುಟ್ಟಬೇಕೆಂಬ ಹಂಬಲದಿಂದ ಹಾಕಿದ ತೆರಿಗೆಯಾಗಿರಬೇಕು. ಹೆಚ್ಚು ಹುಟ್ಟಲೆಂದು ಹಾಕಿದ್ದಾದರೆ ಅದು ವ್ಯಸನದಲ್ಲಿ ಪಾಲುದಾರಿಕೆಯೇ ಸರಿ.

ಸ್ವಾತಂತ್ರ್ಯವಾದಿಗಳು ತಮ್ಮ ಬೆಂಬಲಕ್ಕೆ ಕರೆಯುವುದು ಇಂಗ್ಲೆಂಡಿನ ಜಾನ್ ಸ್ಟುಅರ್ಟ್ ಮಿಲ್ಲನನ್ನು. 1859ರಲ್ಲಿ ಹೊರಬಂದ ಅವನ ಸ್ವಾತಂತ್ರ್ಯ ಕುರಿತ ಗ್ರಂಥವನ್ನು ನಮ್ಮ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದಿದವರೆಲ್ಲ ಬಲ್ಲರು. ಪರೀಕ್ಷೆಗೆ ಬೇಕಾದಷ್ಟನ್ನಂತೂ ಬಲ್ಲರು. ಕೊನೆಯ ಅಧ್ಯಾಯದವರೆಗೆ ಹೋದವರು ಕಡಿಮೆಯೆಂದು ಕಾಣುತ್ತದೆ. ಮದ್ಯವನ್ನು ದುರ್ಲಭವಾಗಿಸುವುದೊಂದೇ ಉದ್ದೇಶದಿಂದ ತೆರಿಗೆ ಹಾಕುವುದು ನಿಷೇಧಕ್ಕಿಂತ ಪ್ರಮಾಣದಲ್ಲಿ ಮಾತ್ರ ಭಿನ್ನವೆಂದು ಅವನು ಅಲ್ಲಿ ಆಕ್ಷೇಪಿಸಿರುವುದು ನಿಜ. ಆದರೆ ಮರುಗಳಿಗೆಯಲ್ಲಿಯೇ ಅವನು ಇನ್ನೊಂದು ಮಾತನ್ನು ಸೇರಿಸುತ್ತಾನೆ. ರಾಜ್ಯಕ್ಕೆ ತೆರಿಗೆ ಬೇಕೇ ಬೇಕು; ಯಾವ ವಸ್ತುವಿನ ಮೇಲೆ ಹಾಕಬೇಕೆಂದು ಆರಿಸುವಾಗ, ಜನರು ಬಿಟ್ಟರೂ ನಡೆಯುವಂಥದ್ದನ್ನು, ಅದರಲ್ಲಿಯೂ ಮಿತಿಮೀರಿದರೆ ಕೇಡು ತರುವಂಥದ್ದನ್ನು ಮೊದಲು ಆರಿಸುವುದು ರಾಜ್ಯದ ಕರ್ತವ್ಯವೆಂಬುದು ಆ ಮಾತು. ಕುಡಿತ ಹೆಚ್ಚಲಿ ಎಂದು ಬಯಸುವ ಮಾರಾಟಗಾರನ ಹಿತಾಸಕ್ತಿಯನ್ನು ಅವನು ನಿಜವಾದ ಅನಿಷ್ಟವೆಂದೇ ಕರೆದು, ಆ ಕಾರಣಕ್ಕೆ ಮಾರಾಟದ ಮೇಲೆ ಕಟ್ಟುಪಾಡು ಹಾಕುವ ಹಕ್ಕನ್ನು ರಾಜ್ಯಕ್ಕೆ ಒಪ್ಪಿಸುತ್ತಾನೆ. ಮನುಷ್ಯನು ತನ್ನನ್ನು ತಾನೇ ಗುಲಾಮಗಿರಿಗೆ ಮಾರಿಕೊಳ್ಳುವ ಒಪ್ಪಂದವನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸಲು ಬಾರದೆಂದೂ, ಸ್ವತಂತ್ರನಾಗಿ ಉಳಿಯದಿರುವ ಸ್ವಾತಂತ್ರ್ಯ ಎಂಬುದೊಂದಿಲ್ಲವೆಂದೂ ಹೇಳಿದವನು ಅವನೇ. ವ್ಯಸನಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ಬೇರೆ ಯಾವುದುಂಟು? ವ್ಯಸನವನ್ನು ಕುರಿತು ಅವನು ಆ ವಾಕ್ಯ ಬರೆಯಲಿಲ್ಲವೆಂದು ಯಾರಾದರೂ ಹೇಳಬಹುದು, ಒಪ್ಪುತ್ತೇನೆ. ಆದರೆ ನಿಕೋಟಿನ್ ಎಂಬ ದ್ರವ್ಯ ಮಿದುಳನ್ನು ಹೇಗೆ ಕಟ್ಟಿಹಾಕುತ್ತದೆಂಬ ಜ್ಞಾನ ಅವನ ಕಾಲಕ್ಕೆ ಇರಲಿಲ್ಲ, ನಮ್ಮ ಕಾಲಕ್ಕೆ ಇದೆ.

ಇಲ್ಲಿ ಒಂದು ಸರಳವಾದ ಪ್ರಶ್ನೆ. ಆರಿಸಿಕೊಳ್ಳುವವನು ಯಾರು? 2016-17ರಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯ ನಡೆಯಿಸಿದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದವರಲ್ಲಿ ನೂರಕ್ಕೆ 28.6 ಮಂದಿ, ಕರ್ನಾಟಕದಲ್ಲಿ 22.8 ಮಂದಿ, ತಂಬಾಕನ್ನು ಒಂದಲ್ಲ ಒಂದು ರೂಪದಲ್ಲಿ ಸೇವಿಸುತ್ತಿದ್ದರು. ಅವರು ಅದನ್ನು ಮೊದಲು ಮುಟ್ಟಿದ ಸರಾಸರಿ ವಯಸ್ಸು 19ರೊಳಗೇ. ಸರಾಸರಿಯೇ ಅಷ್ಟಾದರೆ, ಹದಿನಾಲ್ಕು ಹದಿನೈದರಲ್ಲಿ ಹಿಡಿದವರು ಎಷ್ಟಿರಬಹುದೆಂಬುದನ್ನು ತಾವೇ ಊಹಿಸಿರಿ. ಹೊಲ ಕೊಳ್ಳುವ, ಸಾಲಪತ್ರಕ್ಕೆ ಸಹಿ ಹಾಕುವ ಅಧಿಕಾರವನ್ನು ಕಾನೂನು ಆ ವಯಸ್ಸಿನ ಹುಡುಗನಿಗೆ ಕೊಟ್ಟಿಲ್ಲ. ಆದರೆ ಜೀವಮಾನವಿಡೀ ತೀರದ ಸಾಲದಂಥ ಚಟವನ್ನು ಅವನು ಆ ವಯಸ್ಸಿನಲ್ಲಿ ಬರೆದುಕೊಟ್ಟುಬಿಟ್ಟಿರುತ್ತಾನೆ. ನಮ್ಮ ರಾಜ್ಯವು 2025ರಲ್ಲಿ ತಂಬಾಕು ಮಾರಾಟದ ವಯೋಮಿತಿಯನ್ನು 18ರಿಂದ 21ಕ್ಕೆ ಏರಿಸಿದುದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಅದೇ ಸಮೀಕ್ಷೆಯಲ್ಲಿ ಸೇದುವವರಲ್ಲಿ ನೂರಕ್ಕೆ 55ರಷ್ಟು, ಅಗಿಯುವವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ, ಬಿಡಬೇಕೆಂಬ ಯೋಚನೆಯಲ್ಲಿರುವುದಾಗಿ ಹೇಳಿದರು. ಬಿಡಬೇಕೆನ್ನುತ್ತಾರೆ, ಬಿಡಲಾರರು. ಇವರ ಸ್ವಾತಂತ್ರ್ಯವನ್ನು ಕಸಿದುಕೊಂಡವರು ಯಾರು, ತೆರಿಗೆಯ ಅಧಿಕಾರಿಯೊ? ಯಾವ ವ್ಯಸನಿಯ ಹೆಂಡತಿಯಾದರೂ, ತನ್ನ ಗಂಡನ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಿತೆಂದು ಅತ್ತದ್ದನ್ನು ತಾವು ಕಂಡಿದ್ದೀರಾ?

ನಮ್ಮ ಧರ್ಮದ ದೃಷ್ಟಿಯಿಂದ ನೋಡುವುದಾದರೆ ಈ ವಾದಕ್ಕೆ ಬೇರೇ ಕೆಳಗೆ ಇಲ್ಲ. ಎದೆಯ ಮೇಲೆ ಇಷ್ಟಲಿಂಗ ಧರಿಸಿದವನ ದೇಹ ಅವನ ಸ್ವಂತದ ಆಸ್ತಿಯಲ್ಲ, ಅದು ಪ್ರಸಾದಕಾಯ. ಉಣ್ಣುವುದೆಲ್ಲವನ್ನೂ ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕೆಂಬುದು ಪ್ರಸಾದಿಸ್ಥಲದ ನಡೆ. ಬೀಡಿಯನ್ನೊ, ಬಾಟಲಿಯನ್ನೊ ಕರಸ್ಥಲದ ಲಿಂಗಕ್ಕೆ ಹಿಡಿದು ತೋರಿಸಬಲ್ಲ ಧೈರ್ಯವಂತನಿದ್ದರೆ ಅವನೊಡನೆ ನನಗೆ ವಾದವಿಲ್ಲ. ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆಯಲ್ಲ, ಅದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಕಣ್ಣೆದುರಿಗೆ ಸಮುದಾಯಕ್ಕೆ ಕೇಡಾಗುವುದನ್ನು ಕಂಡು, ಅದು ಅವರವರ ಇಷ್ಟವೆಂದು ಮುಖ ತಿರುಗಿಸಿ ಹೋಗುವವನು ಗಣಾಚಾರಿಯಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಪ್ರಸಾದ ನಿಲಯದ ದಿನಗಳನ್ನು ನೆನೆಯಲಿ. ಬೀಡಿ ಸೇದಿ ಸಿಕ್ಕಿಬಿದ್ದವನಿಗೆ ಅಲ್ಲಿ ಏನಾಗುತ್ತಿತ್ತೆಂಬುದು ಎಲ್ಲರಿಗೂ ಗೊತ್ತು. ಆ ಕಟ್ಟುಪಾಡು ತಮ್ಮ ಸ್ವಾತಂತ್ರ್ಯವನ್ನು ನುಂಗಿತೆಂದು ಇಂದು ಯಾರಾದರೂ ಹೇಳುವರೆ? ಆ ಕಟ್ಟುಪಾಡಿನ ಬಲದಿಂದಲೇ ತಾನೆ ಇಂದು ಸ್ವಾತಂತ್ರ್ಯವನ್ನು ಕುರಿತು ಭಾಷಣ ಮಾಡುವಷ್ಟು ಆರೋಗ್ಯ ಉಳಿದಿರುವುದು?

ಇದಕ್ಕೆ ಭಕ್ತರಲ್ಲಿ ಕೆಲವರು ಒಂದು ಒಳ್ಳೆಯ ಆಕ್ಷೇಪಣೆ ಎತ್ತುತ್ತಾರೆ. ಮಠದ ಮಾರ್ಗ ಮನವೊಲಿಕೆಯ ಮಾರ್ಗ. ಇಳಕಲ್ಲಿನ ಚಿತ್ತರಗಿ ಪೀಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರೆಂದು ಬೇಡಿದರೇ ಹೊರತು ಯಾರ ಮೇಲೂ ದಂಡ ಹಾಕಲಿಲ್ಲ. ಹಾಗಿರಲು ತೆರಿಗೆಯ ಬಲಾತ್ಕಾರವನ್ನು ಮಠದ ಪತ್ರಿಕೆ ಏಕೆ ಬೆಂಬಲಿಸಬೇಕು ಎಂಬುದು ಅವರ ಪ್ರಶ್ನೆ. ಮಹಾಂತ ಜೋಳಿಗೆಯ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಕಾವಿ ತೊಟ್ಟವರು ಅನ್ನ ಬೇಡುವುದನ್ನು ಈ ನಾಡು ಕಂಡಿತ್ತು. ದುಶ್ಚಟ ಬೇಡಿದ್ದನ್ನು ಕಂಡಿರಲಿಲ್ಲ. ಅವರು 2018ರಲ್ಲಿ ಲಿಂಗೈಕ್ಯರಾದ ಬಳಿಕ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತ ಬಂದಿದೆ. ಆದರೆ ಬಂಧುಗಳೆ, ಜೋಳಿಗೆ ಹಿಡಿದ ಕೈ ಒಂದು. ಊರಿನ ತುಂಬ ಅಂಗಡಿಗಳು ನೂರು. ಸ್ವಾಮಿಗಳು ಒಂದು ಮನೆಯ ಚಟವನ್ನು ಜೋಳಿಗೆಗೆ ಹಾಕಿಸಿಕೊಂಡು ಓಣಿ ದಾಟುವುದರೊಳಗೆ, ಅಂಗಡಿಯ ಬಾಗಿಲಿಗೆ ತೋರಣದಂತೆ ಇಳಿಬಿಟ್ಟ ಚೀಟಿಗಳು ಇನ್ನೆರಡು ಮನೆಯ ಮಕ್ಕಳನ್ನು ಹಿಡಿದಿರುತ್ತವೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ವ್ಯಾಪಾರಿಗಳು ಏನು ಮಾಡಿದರು? ಪಾನ್ ಮಸಾಲೆಯನ್ನು ಒಂದು ಚೀಟಿಯಲ್ಲಿ, ತಂಬಾಕನ್ನು ಇನ್ನೊಂದು ಚೀಟಿಯಲ್ಲಿ ಮಾರಿದರು. ಕಲಸಿಕೊಳ್ಳುವ ಕಾಯಕವನ್ನು ಗಿರಾಕಿಗೇ ಬಿಟ್ಟರು. ಇಂಥ ಬುದ್ಧಿವಂತಿಕೆಯ ಎದುರಿಗೆ ಜೋಳಿಗೆಯೊಂದೇ ಸಾಲದು. ಚೀಟಿಯ ಬೆಲೆ ಹುಡುಗನ ಕಿಸೆಗೆ ನಿಲುಕದಂತೆ ಮಾಡಬಲ್ಲವರು ಸ್ವಾಮಿಗಳಲ್ಲ, ಸರಕಾರ.

ಬೆಲೆ ಏರಿದರೆ ಬಳಕೆ ಇಳಿಯುವುದೆ ಎಂಬ ಸಂಶಯಕ್ಕೆ ಈಗ ಎಡೆಯಿಲ್ಲ. ಮೆಕ್ಸಿಕೊ ದೇಶ 2014ರಲ್ಲಿ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷದಲ್ಲಿ ಖರೀದಿ ಸರಾಸರಿ ನೂರಕ್ಕೆ 6ರಷ್ಟು ಇಳಿಯಿತು. ವರ್ಷಾಂತ್ಯದ ಹೊತ್ತಿಗೆ ಬಡ ಕುಟುಂಬಗಳಲ್ಲಿ 17ರಷ್ಟು ಇಳಿಯಿತು. ಡೆನ್ಮಾರ್ಕ್ 2011ರಲ್ಲಿ ಕೊಬ್ಬಿನ ಮೇಲೆ ತೆರಿಗೆ ಹಾಕಿ ಒಂದೇ ವರ್ಷದ ಮೇಲೆ ಅದನ್ನು ಕೈಬಿಟ್ಟುದನ್ನು ವಿರೋಧಿಗಳು ಎತ್ತಿ ತೋರಿಸುತ್ತಾರೆ. ತೋರಿಸಲಿ. ಬೆಣ್ಣೆ, ಗಿಣ್ಣುಗಳಂಥ ನಿತ್ಯದ ಆಹಾರಕ್ಕೆ ಕೈಹಾಕಿದ್ದರಿಂದ ಜನ ಗಡಿ ದಾಟಿ ನೆರೆಯ ದೇಶದಲ್ಲಿ ಕೊಂಡರು. ತೆರಿಗೆಯನ್ನು ಅವಿವೇಕದಿಂದಲೂ ಹಾಕಬಹುದೆಂಬುದಕ್ಕೆ ಅದು ಸಾಕ್ಷಿ.

ವಿವೇಕದಿಂದ ಹಾಕಿದ್ದಕ್ಕೆ ಸಾಕ್ಷಿ ಬ್ರಿಟನ್ನಿನದು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನನ್ನ ವಾದದ ತಿರುಳು ಅಲ್ಲಿದೆ. ಅಲ್ಲಿನ ಸರಕಾರ 2016ರ ಮಾರ್ಚಿಯಲ್ಲಿ ಒಂದು ಘೋಷಣೆ ಮಾಡಿತು. ಇನ್ನೆರಡು ವರ್ಷಗಳ ಮೇಲೆ, ನೂರು ಮಿಲಿಲೀಟರಿಗೆ 5 ಗ್ರಾಮಿಗಿಂತ ಕಡಿಮೆ ಸಕ್ಕರೆ ಇರುವ ಪಾನೀಯಕ್ಕೆ ತೆರಿಗೆಯಿಲ್ಲ. 5 ಗ್ರಾಮು ಮುಟ್ಟಿದರೆ ಲೀಟರಿಗೆ 18 ಪೆನ್ಸ್. 8 ಗ್ರಾಮು ಮುಟ್ಟಿದರೆ 24 ಪೆನ್ಸ್. ಕುಡಿಯುವವನಿಗೆ ಯಾರೂ ಏನನ್ನೂ ಹೇಳಲಿಲ್ಲ. ತಯಾರಕರಿಗೆ ಮಾತ್ರ ಎರಡು ವರ್ಷಗಳ ಗಡುವು ಸಿಕ್ಕಿತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗಡುವಿನೊಳಗೇ ಸಕ್ಕರೆಯನ್ನು ಇಳಿಸಿದರು. ಆದ್ದರಿಂದ ಮೊದಲ ವರ್ಷ 52 ಕೋಟಿ ಪೌಂಡು ಹುಟ್ಟೀತೆಂದು ಹಾಕಿದ್ದ ಅಂದಾಜನ್ನು 24 ಕೋಟಿಗೆ ಇಳಿಸಬೇಕಾಯಿತು. ತೆರಿಗೆ ಸೋತಿತೆಂದು ಅಲ್ಲಿ ಯಾರೂ ಅಳಲಿಲ್ಲ. ತೆರಿಗೆ ಗೆದ್ದದ್ದೇ ಹಾಗೆ. ಬೊಕ್ಕಸಕ್ಕೆ ಬಾರದೆ ಹೋದ ಪ್ರತಿಯೊಂದು ಪೌಂಡಿನ ಹಿಂದೆ ಮಕ್ಕಳ ಹೊಟ್ಟೆ ಸೇರದೆ ಉಳಿದ ಸಕ್ಕರೆಯಿತ್ತು. ನಮ್ಮಲ್ಲಿ? ಜಿ.ಎಸ್.ಟಿ. ಬಂದ 2017ರಿಂದ ಇಂಗಾಲಾನಿಲ ತುಂಬಿದ ಪಾನೀಯಗಳ ಮೇಲೆ ಒಟ್ಟು ನೂರಕ್ಕೆ 40ರ ಭಾರವಿದೆ ನಿಜ. ಆದರೆ ಬಾಟಲಿಯ ತುಂಬ ಸಕ್ಕರೆ ಸುರಿದವನಿಗೂ ಸಕ್ಕರೆಯನ್ನೇ ಹಾಕದವನಿಗೂ ಒಂದೇ ದರ. ಇಳಿಸುವವನಿಗೆ ಇಳಿಸಿದ ಫಲವಿಲ್ಲವಾದ ಮೇಲೆ ಯಾರು ಇಳಿಸುತ್ತಾರೆ? ಇನ್ನು 2025ರ ಸೆಪ್ಟೆಂಬರ್ 22ರಿಂದ ಬಿಸ್ಕೀಟು, ಚಾಕೊಲೇಟು, ಪೊಟ್ಟಣದ ಖಾರದ ತಿನಿಸುಗಳ ದರವನ್ನು ನೂರಕ್ಕೆ 5ಕ್ಕೆ ಇಳಿಸಿದ್ದು ಹಬ್ಬದ ಉಡುಗೊರೆಯಾಗಿ ಪ್ರಚಾರವಾಯಿತು. ಅದರ ಗುಣದೋಷಗಳ ವಿಚಾರ ಇನ್ನೊಮ್ಮೆ.

ಈಗ ಬೀಡಿಯ ಮಾತಿಗೆ ಬರೋಣ. ಅದೇ 2025ರ ಸೆಪ್ಟೆಂಬರಿನ ಸಭೆಯಲ್ಲಿ ಜಿ.ಎಸ್.ಟಿ. ಮಂಡಳಿಯು ಸಿಗರೇಟು, ಗುಟ್ಕಾಗಳನ್ನು ನೂರಕ್ಕೆ 40ರ ಅತ್ಯುಚ್ಚ ದರಕ್ಕೆ ಸೇರಿಸಬೇಕೆಂದು ತೀರ್ಮಾನಿಸಿತು. ಅದೇ ಕುರ್ಚಿಗಳ ಮೇಲೆ ಕುಳಿತು, ಅದೇ ಹಗಲು, ಬೀಡಿಯ ದರವನ್ನು 28ರಿಂದ 18ಕ್ಕೂ ಬೀಡಿ ಎಲೆಯ ದರವನ್ನು 18ರಿಂದ 5ಕ್ಕೂ ಇಳಿಸಿತು. ಬೀಡಿಯ ಹೊಗೆಯಲ್ಲಿ ನಿಕೋಟಿನ್ನಾಗಲಿ, ಡಾಂಬರಿನಂಥ ವಿಷಾಂಶವಾಗಲಿ, ಇಂಗಾಲದ ಮಾನಾಕ್ಸೈಡಾಗಲಿ ಸಿಗರೇಟಿನದಕ್ಕಿಂತ ಕಡಿಮೆಯಿಲ್ಲವೆಂದು ವೈದ್ಯಶಾಸ್ತ್ರ ಹೇಳಿ ಬಹುಕಾಲವಾಯಿತು. ಬಾಯಿ, ಗಂಟಲು, ಶ್ವಾಸಕೋಶಗಳ ಅರ್ಬುದಕ್ಕೆ ಎರಡೂ ಒಂದೇ ದಾರಿ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರು ನೂರಕ್ಕೆ 4, ಬೀಡಿ ಸೇದುವವರು 7.7. ಅಂದರೆ ಉಳ್ಳವನ ವಿಷ ತುಟ್ಟಿಯಾಯಿತು, ಇಲ್ಲದವನ ವಿಷ ಅಗ್ಗವಾಯಿತು. ಇದನ್ನು ಬಡವರ ಮೇಲಿನ ಕರುಣೆಯೆಂದು ಕರೆಯುವವರಿದ್ದಾರೆ.

ಬೀಡಿ ಸುತ್ತುವ ಹೆಣ್ಣುಮಕ್ಕಳ ಹೊಟ್ಟೆಯ ಪಾಡು ನೋಡಬೇಡವೆ ಎಂದು ಅವರು ಕೇಳುತ್ತಾರೆ. ನೋಡಲೇಬೇಕು. ನಿಪ್ಪಾಣಿಯಲ್ಲಿ, ತುಮಕೂರಿನಲ್ಲಿ, ಮಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಮನೆಯ ಜಗುಲಿಯ ಮೇಲೆ ಮೊರ ಹಿಡಿದು ಕುಳಿತು, ದಿನಕ್ಕೆ ಸಾವಿರಗಟ್ಟಲೆ ಬೀಡಿ ಸುತ್ತುವ ಆ ತಾಯಂದಿರ ಕೆಮ್ಮು ಯಾವ ಲೆಕ್ಕದಲ್ಲಿಯೂ ಬಂದಿಲ್ಲ. ಅವರಿಗಾಗಿಯೇ 1976ರಲ್ಲಿ ಒಂದು ಕಾನೂನಾಗಿತ್ತು. ಬೀಡಿಯ ಮೇಲೆ ಒಂದು ಸಣ್ಣ ಉಪಕರ ಹಾಕಿ, ಆ ಹಣದಲ್ಲಿ ಅವರಿಗೆ ದವಾಖಾನೆ, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಕೊಡುವ ಏರ್ಪಾಡು ಅದು. 2017ರಲ್ಲಿ ಜಿ.ಎಸ್.ಟಿ. ಬರುವಾಗ ಆ ಉಪಕರವನ್ನು ರದ್ದುಗೊಳಿಸಿದರು. ಸುತ್ತುವವಳಿಗೆ ನೇರವಾಗಿ ಸಲ್ಲುತ್ತಿದ್ದ ಕಾಸನ್ನು ಕಿತ್ತವರೇ, ಇಂದು ಸುತ್ತುವವಳ ಹೆಸರಿನಲ್ಲಿ ಮಾರುವವನಿಗೆ ರಿಯಾಯಿತಿ ಕೊಡುತ್ತಿದ್ದಾರೆ! ರಿಯಾಯಿತಿಯಿಂದ ಅವಳ ಕೂಲಿ ಏರಲೇಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಬೀಡಿಯ ತೆರಿಗೆಯನ್ನು ಸಿಗರೇಟಿನ ಸರಿಸಮಕ್ಕೆ ಏರಿಸಿ, ಹೆಚ್ಚಿದ ಹಣವನ್ನು ಆ ಹೆಣ್ಣುಮಕ್ಕಳು ಬೇರೆ ಕಾಯಕ ಹಿಡಿಯುವವರೆಗೆ ಅವರಿಗೇ ಮುಡಿಪಾಗಿಡುವುದು ಕರುಣೆಯಾಗುತ್ತಿತ್ತು.

ಮದ್ಯದ ವಿಷಯದಲ್ಲಿ ನಮ್ಮ ರಾಜ್ಯ ಸರಕಾರದ ನಡೆ ಇದಕ್ಕಿಂತ ವಿಚಿತ್ರವಾದುದು. ಸಂವಿಧಾನದ 47ನೆಯ ವಿಧಿಯು, ಆರೋಗ್ಯಕ್ಕೆ ಹಾನಿಕರವಾದ ಮಾದಕ ಪೇಯಗಳ ಸೇವನೆಯನ್ನು ಔಷಧಕ್ಕೆ ಹೊರತು ನಿಷೇಧಿಸುವತ್ತ ರಾಜ್ಯವು ಪ್ರಯತ್ನಿಸಬೇಕೆಂದು ನಿರ್ದೇಶಿಸುತ್ತದೆ. 2007ರ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿದಾಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಹಾಲು ಕುಡಿದಷ್ಟು ಸಂತೋಷಪಟ್ಟರು. ಆಮೇಲೆ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವು 2003ರಿಂದ ಸರಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. 2023-24ರಲ್ಲಿ ಅಬಕಾರಿಯಿಂದ ಬೊಕ್ಕಸಕ್ಕೆ ಬಂದುದು 34 ಸಾವಿರ ಕೋಟಿ ರೂಪಾಯಿಗಳಿಗೂ ಮೇಲೆ. 2025-26ರ ಆಯವ್ಯಯದಲ್ಲಿ ಅದೇ ಇಲಾಖೆಗೆ ಹಾಕಿದ ಗುರಿ 40 ಸಾವಿರ ಕೋಟಿ.

ಗುರಿ! ಈ ಶಬ್ದವನ್ನು ತಾವು ದಯವಿಟ್ಟು ನಿಂತು ಓದಬೇಕು. ಇಷ್ಟು ಮಕ್ಕಳಿಗೆ ಲಸಿಕೆ ಹಾಕಬೇಕೆಂಬುದು ಗುರಿ. ಇಷ್ಟು ಎಕರೆಗೆ ನೀರು ಹಾಯಿಸಬೇಕೆಂಬುದು ಗುರಿ. ಪ್ರಜೆಗಳು ಕಳೆದ ವರ್ಷಕ್ಕಿಂತ ಇಷ್ಟು ಸಾವಿರ ಕೋಟಿಯ ಹೆಚ್ಚಿನ ತೆರಿಗೆ ಹುಟ್ಟುವಂತೆ ಕುಡಿಯಬೇಕೆಂಬುದೂ ಗುರಿಯೆ? ಅಧಿಕಾರಿಯು ಗುರಿ ಮುಟ್ಟದಿದ್ದರೆ ಮೇಲಿನವರಿಂದ ಕಾರಣ ಕೇಳಿಸಿಕೊಳ್ಳಬೇಕು. ನಮ್ಮ ತಾಲೂಕಿನ ಜನ ಈ ವರ್ಷ ಕಡಿಮೆ ಕುಡಿದರು ಎಂದು ಅವನು ತಲೆತಗ್ಗಿಸಿ ಉತ್ತರಿಸಬೇಕಾದ ಸ್ಥಿತಿ. ವ್ಯಸನಮುಕ್ತ ದಿನವನ್ನು ಆಚರಿಸುವ ಸರಕಾರವೂ ಇದೇ, ಗುರಿ ಹಾಕುವ ಸರಕಾರವೂ ಇದೇ. ಕುಡಿತ ಹೆಚ್ಚಲೆಂದು ಬಯಸುವ ಮಾರಾಟಗಾರನನ್ನು ಅನಿಷ್ಟವೆಂದ ಮಿಲ್, ರಾಜ್ಯವೇ ಸಗಟು ಮಾರಾಟಗಾರನಾಗುವ ದಿನವನ್ನು ಊಹಿಸಿದ್ದನೊ ಇಲ್ಲವೊ! 2023ರ ಜುಲೈಯಲ್ಲಿ ಮದ್ಯದ ಎಲ್ಲ 18 ಹಂತಗಳ ಮೇಲೆ ಹೆಚ್ಚುವರಿ ಅಬಕಾರಿ ಸುಂಕವನ್ನು ನೂರಕ್ಕೆ 20ರಷ್ಟು ಏರಿಸಿದಾಗ, ಇದು ಕುಡಿತ ತಗ್ಗಿಸಲೆಂದು ಹೇಳುವ ಸೌಜನ್ಯವನ್ನೂ ಯಾರೂ ತೋರಲಿಲ್ಲ. ಮರುವರ್ಷವೇ ಉಳ್ಳವರು ಕುಡಿಯುವ ಮೇಲಿನ ಹಂತದ ಮದ್ಯಗಳ ಸುಂಕವನ್ನು ನೆರೆರಾಜ್ಯಗಳ ದರಕ್ಕೆ ಸರಿದೂಗಿಸಲೆಂದು ಇಳಿಸಿದರು. 2023ರ ಆಗಸ್ಟಿನಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಯೋಜನೆ ಬಂದಿತು, ಒಳ್ಳೆಯ ಯೋಜನೆ. ಅದರಲ್ಲಿ ಎಷ್ಟು, ಆಕೆಯ ಯಜಮಾನನ ಮೂಲಕ ಅದೇ ಬೊಕ್ಕಸಕ್ಕೆ ಮರಳುತ್ತದೆಂಬ ಲೆಕ್ಕವನ್ನು ಮಾತ್ರ ಯಾರೂ ಇಟ್ಟಂತಿಲ್ಲ.

ತೆರಿಗೆಯ ಪಕ್ಷದವನಾದ ನಾನು ಇಲ್ಲಿ ಒಂದು ಕಷ್ಟವನ್ನು ಮುಚ್ಚಿಡಬಾರದು. ಎಳೆಯ ಹುಡುಗನಿಗೆ ಬೆಲೆ ತಡೆಗೋಡೆ. ಸಿಹಿ ಪಾನೀಯದವನಿಗೆ ನೀರಿನ ದಾರಿ ತೆರೆದಿದೆ. ಆದರೆ ಆಳವಾಗಿ ಮುಳುಗಿದ ಕುಡುಕನ ಮನೆಯಲ್ಲಿ ಬೆಲೆ ಏರಿದರೆ ಮೊದಲು ಇಳಿಯುವುದು ಅವನ ಲೋಟವಲ್ಲ, ಮಕ್ಕಳ ತಟ್ಟೆಯ ರೊಟ್ಟಿ. ಇದು ಸ್ವಾತಂತ್ರ್ಯವಾದಿಗಳ ತೋರಿಕೆಯ ಕಳಕಳಿಯಲ್ಲ, ನಿಜವಾದ ಸಂಕಟ. ಇದಕ್ಕೆ ಪರಿಹಾರ ತೆರಿಗೆಯನ್ನು ಇಳಿಸುವುದಲ್ಲ. ಹುಟ್ಟಿದ ಹಣವನ್ನು ಆ ಮನೆಗಳಿಗೆ ಮರಳಿಸುವುದು. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಚಟ ಬಿಡಿಸುವ ಒಂದು ವಾರ್ಡು, ಬಲ್ಲ ವೈದ್ಯ, ಔಷಧ, ಬಿಟ್ಟವನು ಮತ್ತೆ ಜಾರದಂತೆ ನೋಡಿಕೊಳ್ಳುವ ಆಪ್ತಸಲಹೆ ಇಷ್ಟನ್ನಾದರೂ ನಡೆಸಲು, ಅಷ್ಟು ಸಾವಿರ ಕೋಟಿಯಲ್ಲಿ ಒಂದು ನಿಗದಿಯಾದ ಪಾಲನ್ನು ಕಾನೂನಿನಿಂದಲೇ ಕಟ್ಟಿಹಾಕಿ ಇಡಬಾರದೇಕೆ? ಮದ್ಯವರ್ಜನ ಶಿಬಿರಗಳನ್ನು ಇಂದು ಹೆಚ್ಚಾಗಿ ನಡೆಸುತ್ತಿರುವವರು ಧರ್ಮಸಂಸ್ಥೆಗಳು. ಮಾರಿ ಹಣ ಮಾಡುವುದು ಸರಕಾರದ ಪಾಲಿಗೆ, ಬಿಡಿಸುವ ಖರ್ಚು ಭಕ್ತರ ಕಾಣಿಕೆಯ ಪಾಲಿಗೆ ಎಂಬ ಈ ಹಂಚಿಕೆಯನ್ನು ಮಾಡಿದವರಾರು?

ಸರಕಾರವನ್ನು ಬೈದುದು ಸಾಕು. ಇನ್ನು ನಮ್ಮ ಕೈಗಳನ್ನು ನೋಡಿಕೊಳ್ಳೋಣ. ನಿಪ್ಪಾಣಿಯ ಬೀಡಿ ತಂಬಾಕು, ಹುಣಸೂರು ಪಿರಿಯಾಪಟ್ಟಣಗಳ ಸಿಗರೇಟು ತಂಬಾಕು ಬೆಳೆಯುವವರಲ್ಲಿ ನಮ್ಮ ಭಕ್ತರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. 1981ರಲ್ಲಿ ನಿಪ್ಪಾಣಿಯ ರೈತರು ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯ ಮೇಲೆ ಕುಳಿತಾಗ ಗುಂಡು ಹಾರಿ ರೈತರು ಸತ್ತರು. ಈ ಬೆಳೆಯಲ್ಲಿ ಸಿರಿವಂತನಾಗುವವನು ರೈತನಲ್ಲವೆಂಬುದಕ್ಕೆ ಇನ್ನೇನು ಬೇಕು? ಬೇರೆ ಬೆಳೆಗೆ ತಿರುಗಲು ಅವನಿಗೆ ಬೇಕಾದ ಬಂಡವಾಳವನ್ನು ಇದೇ ತೆರಿಗೆಯಿಂದ ಕೊಡಬೇಕೆಂದು ಮಠಗಳು ಒತ್ತಾಯಿಸಬೇಕು. ಅಡಿಕೆಯ ಮಾತೂ ಬಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಕೇಂದ್ರವು 2004ರಲ್ಲಿ, ತಂಬಾಕು ಬೆರೆಯದ ಅಡಿಕೆಯನ್ನೂ ಅರ್ಬುದಕಾರಕಗಳ ಪಟ್ಟಿಗೆ ಸೇರಿಸಿದ್ದು ಅಡಿಕೆ ಸೀಮೆಯ ಭಕ್ತರಿಗೆ ರುಚಿಸುವ ಸಂಗತಿಯಲ್ಲ. ರುಚಿಸದೆಂದು ಸುಳ್ಳಾಗುವುದಿಲ್ಲ.

ಆದರೆ ಬೆಳೆಯುವವನ ಮಾತು ಬೇರೆ, ಬಾರು ನಡೆಸುವವನ ಮಾತು ಬೇರೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಹೆಸರಿಗೊಂದು ಮದ್ಯದ ಸನ್ನದು. ಇಂಥವರು ನಮ್ಮಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ? ಅವರು ಜಾತ್ರೆಗೆ ದೊಡ್ಡ ಮೊತ್ತ ಕೊಡುತ್ತಾರೆ. ದಾಸೋಹ ಮಂಟಪದ ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ. ವೇದಿಕೆಯ ಮೇಲೆ ಅವರಿಗೆ ಶಾಲು, ಹಣ್ಣಿನ ಬುಟ್ಟಿ. ಅದೇ ವೇದಿಕೆಯ ಕೆಳಗೆ, ಅವರ ಅಂಗಡಿಗೆ ಗಂಡನ ಕೂಲಿಯನ್ನೆಲ್ಲ ಕಳೆದುಕೊಂಡ ಹೆಂಗಸು ಮಗುವನ್ನು ಮಡಿಲಲ್ಲಿಟ್ಟುಕೊಂಡು ಪ್ರಸಾದದ ಪಂಕ್ತಿಯಲ್ಲಿ ಕುಳಿತಿರುತ್ತಾಳೆ. ಸದಾಚಾರವೆಂದರೆ ಶುದ್ಧ ಕಾಯಕದ ಗಳಿಕೆಯನ್ನೇ ಗುರುಲಿಂಗಜಂಗಮಕ್ಕೆ ಸಲ್ಲಿಸುವುದೆಂದು ನಾವು ಶಿವಾನುಭವ ಗೋಷ್ಠಿಗಳಲ್ಲಿ ಗಂಟೆಗಟ್ಟಲೆ ಮಾತನಾಡುತ್ತೇವೆ. ಸರಕಾರವು ವಿಷದ ಹಣದಿಂದ ಬೊಕ್ಕಸ ತುಂಬಿಕೊಳ್ಳುವುದು ತಪ್ಪಾದರೆ, ಅದೇ ಹಣದಿಂದ ಮಠದ ಉಗ್ರಾಣ ತುಂಬುವುದು ಯಾವ ಲೆಕ್ಕದಿಂದ ಸರಿಯಾದೀತು? ಹಸಿದವರಿಗೆ ಅನ್ನವಾದ ಮೇಲೆ ಹಣಕ್ಕೆ ಮೈಲಿಗೆಯಿಲ್ಲವೆಂದು ಕೆಲವರು ಸಮಾಧಾನ ಹೇಳುತ್ತಾರೆ. ಇದೇ ಸಮಾಧಾನವನ್ನು ಸರಕಾರವೂ ಹೇಳುತ್ತಿದೆ: ಅಬಕಾರಿಯ ಹಣದಿಂದಲೇ ಶಾಲೆ, ಅಬಕಾರಿಯ ಹಣದಿಂದಲೇ ಅಕ್ಕಿ.

ಆದುದರಿಂದ ಭಕ್ತಮಂಡಳಿಯ ಮುಂದೆ ಎರಡು ಕೋರಿಕೆಗಳನ್ನಿಡುತ್ತೇನೆ. ಮುಂದಿನ ಆಯವ್ಯಯ ಮಂಡನೆಯಾಗುವ ಮೊದಲು ತಮ್ಮ ತಮ್ಮ ಕ್ಷೇತ್ರದ ಶಾಸಕರನ್ನು, ಸಂಸದರನ್ನು ಕಂಡು, ಅಬಕಾರಿಗೆ ಏರುಗುರಿ ಹಾಕುವುದನ್ನು ನಿಲ್ಲಿಸಬೇಕೆಂದೂ, ಬೀಡಿಗೆ ಸಿಗರೇಟಿನ ಸಮನಾದ ತೆರಿಗೆ ಹಾಕಿ ಬೀಡಿ ಕಾರ್ಮಿಕರ ನಿಧಿಗೆ ಜೀವ ಕೊಡಬೇಕೆಂದೂ, ಪಾನೀಯಗಳಿಗೆ ಸಕ್ಕರೆಯ ಪ್ರಮಾಣಕ್ಕೆ ತಕ್ಕ ದರ ಕಟ್ಟಬೇಕೆಂದೂ ಲಿಖಿತವಾಗಿ ಕೇಳಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದೀರಿ, ಲೆಕ್ಕಪರಿಶೋಧಕರಿದ್ದೀರಿ, ವೈದ್ಯರಿದ್ದೀರಿ. ಮನವಿಯನ್ನು ಬರೆಯಲು ತಮಗಿಂತ ಸಮರ್ಥರಿಲ್ಲ. ಎರಡನೆಯದು ಮಠದೊಳಗಿನದು. ಈ ಸಲದ ಜಾತ್ರೆಯ ದೇಣಿಗೆ ರಸೀದಿ ಪುಸ್ತಕಗಳು ಅಚ್ಚಿಗೆ ಹೋಗುವ ಮುನ್ನ ಆಡಳಿತ ಮಂಡಳಿಯು ಕುಳಿತು, ಮದ್ಯ ತಂಬಾಕುಗಳ ವ್ಯಾಪಾರದಿಂದ ಬಂದ ಹಣವನ್ನು ಸ್ವೀಕರಿಸುವುದೊ ಬಿಡುವುದೊ ಎಂಬುದನ್ನು ಠರಾವಿನ ಮೂಲಕ ತೀರ್ಮಾನಿಸಬೇಕು. ಸ್ವೀಕರಿಸುವುದೇ ಆದರೆ ಅದಕ್ಕೆ ಕಾರಣವನ್ನು ಈ ಪತ್ರಿಕೆಯಲ್ಲಿ ಪ್ರಕಟಿಸಬೇಕು. ನನ್ನ ಮಾತಿಗೆ ವಿರೋಧವಾಗಿ ಬರೆಯುವವರಿದ್ದರೆ ಅವರ ಪತ್ರಗಳಿಗೂ ಇಲ್ಲಿ ಸ್ಥಳ ದೊರೆಯಲೆಂದು ಸಂಪಾದಕರಲ್ಲಿ ಬಿನ್ನವಿಸಿಕೊಳ್ಳುತ್ತೇನೆ.